ಮಂಗಳವಾರ ಅಪ್ಪನ ದಿನ

"ನೀವಿಬ್ರೂ ಬೇರೆಯಾಗಿ ಎಷ್ಟು ದಿನ ಆಯ್ತು?"

ಮಗಳ ಟೀಚರ್ ಇದನ್ನು ಬಹಳ ಮೆತ್ತಗೆ ಕೇಳಿದರು. ಅಷ್ಟು ಮೆತ್ತಗೆ ಕೇಳಿದ್ದಕ್ಕೇ ಇರಬೇಕು, ನನ್ನ ತಲೆಗೆ ತಕ್ಷಣ ಹೋಗಲಿಲ್ಲ. ಒಂದನೇ ಕ್ಲಾಸಿನ ಮಕ್ಕಳ ಪುಟಾಣಿ ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಮುದುರಿ ಕೂತಿದ್ದೆ. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅಂಗಡಿಯಿಂದ ಓಡಿ ಬರುವ ಗಡಿಬಿಡಿಯಲ್ಲಿ ತೆಗೆದಿಡಲು ಮರೆತಿದ್ದೆ.

"ಯಾರಿಬ್ರು?" ಅಂದೆ.

"ನೀವು ಮತ್ತೆ ನಿಮ್ಮ ಯಜಮಾನ್ರು. ತಪ್ಪು ತಿಳ್ಕೋಬೇಡಿ, ಮಗುಗೋಸ್ಕರ ಕೇಳ್ತಿದೀನಿ. ಇವತ್ತು ಅಮ್ಮನ ದಿನ, ನಾಳೆ ಅಪ್ಪನ ದಿನ, ಭಾನುವಾರ ಅರ್ಧ ಅರ್ಧ ಅಂತ ಕ್ಲಾಸಲ್ಲಿ ದಿನಾ ಹೇಳ್ತಾಳೆ. ಕೋರ್ಟಲ್ಲಿ ಹಾಗೆ ಹಂಚಿ ಕೊಡ್ತಾರಲ್ಲ, ಅದೇ ಇರ್ಬೇಕು ಅನ್ಕೊಂಡೆ. ಎದುರುಬದುರು ಸಿಕ್ಕಿದ್ರೆ ನಿಮಗೆ ಮುಜುಗರ ಅಂತ ಚೀಟಿನೂ ಬೇರೆ ಬೇರೆ ಕಳಿಸಿದೆ. ನಿಮಗೆ ನಾಲ್ಕು ಗಂಟೆ, ಅವರಿಗೆ ನಾಲ್ಕೂವರೆ."

ನಾನು ಆಗ ನಕ್ಕುಬಿಡಬೇಕಿತ್ತು. ಅಯ್ಯೋ ಮಿಸ್, ನಾವಿರೋದು ಒಂದೇ ಮನೆಯಲ್ಲಿ, ಒಂದೇ ಮಂಚದ ಮೇಲೆ ಎಂದು ಹೇಳಿ ಮಾತು ಮುಗಿಸಬೇಕಿತ್ತು. ಅದನ್ನು ಬಿಟ್ಟು ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನಾಲ್ಕು ತಿಂಗಳು. ಆ ಮಾತು ನಾಲಗೆಯ ತುದಿಯವರೆಗೆ ಬಂದುಬಿಟ್ಟಿತ್ತು, ಪುಣ್ಯಕ್ಕೆ ಹೊರಗೆ ಬೀಳಲಿಲ್ಲ.

"ಇಲ್ಲ, ನಾವು ಬೇರೆ ಆಗಿಲ್ಲ" ಅಂದೆ.

ಅಂದಿದ್ದೇನೋ ಸರಿ, ಆದರೆ ತಡವಾಗಿ ಅಂದೆ. ಟೀಚರ್ ನಂಬಿದ ಹಾಗೆ ಕಾಣಲಿಲ್ಲ. ಮೇಜಿನ ಮೇಲಿದ್ದ ಬಣ್ಣದ ಕಾಗದಗಳನ್ನು ಸುಮ್ಮನೆ ಸರಿಮಾಡಿದರು.

"ಇನ್ನೊಂದು ವಿಷಯ ಇದೆ. ಎರಡರಲ್ಲಿ ಒಂದು ಆರಿಸ್ಕೋ ಅಂದ್ರೆ ಅವಳು ಆರಿಸೋದೇ ಇಲ್ಲ. ಕೆಂಪು ಕಾಗದ ಬೇಕಾ, ನೀಲಿ ಬೇಕಾ ಅಂದ್ರೆ ಎರಡೂ ಒಂದೇ ಥರ ಇದೆ ಅಂತಾಳೆ. ಬಣ್ಣ ಗೊತ್ತಾಗಲ್ವೇನೋ ಅಂತ ಪರೀಕ್ಷೆ ಮಾಡಿದೆ. ಚೆನ್ನಾಗಿ ಗೊತ್ತಾಗುತ್ತೆ. ಸ್ವಲ್ಪ ಒತ್ತಾಯ ಮಾಡಿದ್ರೆ ಅಳ್ತಾಳೆ. ಯಾಕೆ ಅಂತ ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನನ್ನ ಮಗಳ ಬಗ್ಗೆ ಬೇರೆಯವರು ನನ್ನನ್ನು ಪ್ರಶ್ನೆ ಕೇಳಿ, ನಾನು ತಲೆಯಾಡಿಸಿ ಎದ್ದು ಬರುವುದೆಂದರೆ ಎಂಥ ಅವಮಾನ! ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಎಂದು ಮಾತ್ರ ಗೊತ್ತಾಗಲಿಲ್ಲ.

ಬಾಗಿಲು ತೆಗೆದರೆ ಕಾರಿಡಾರಿನಲ್ಲಿ ನನ್ನ ಗಂಡ ನಿಂತಿದ್ದ.

"ನೀನಿಲ್ಲೇನ್ ಮಾಡ್ತಿದೀಯ?" ಇಬ್ಬರೂ ಒಟ್ಟಿಗೇ ಕೇಳಿದೆವು.

ಅವನ ಕೈಯಲ್ಲಿ ನನ್ನದೇ ತರಹದ ಚೀಟಿ ಇತ್ತು, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದ. ನನ್ನದು ನಾಲ್ಕು ದಿನದಿಂದ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ಕೆಳಗೆ ಅಡಗಿತ್ತು. ಮಗಳು ಅವನ ಮೇಲೆ ಏನೋ ದೂರು ಹೇಳಿದ್ದಾಳೆ, ನಾನೊಬ್ಬಳೇ ಹೋಗಿ ಸದ್ದಿಲ್ಲದೆ ಸರಿಮಾಡಿ ಬರೋಣ ಎಂದುಕೊಂಡಿದ್ದೆ. ಅವನು ನನ್ನ ಬಗ್ಗೆ ಹಾಗೇ ಅಂದುಕೊಂಡು ಬಂದಿದ್ದನಂತೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಕದ್ದು ಬಂದು ಒಬ್ಬರ ಕೈಗೊಬ್ಬರು ಸಿಕ್ಕಿಬಿದ್ದಿದ್ದೆವು.

"ಟೇಪು" ಎಂದ ಅವನು, ನನ್ನ ಕೊರಳು ನೋಡುತ್ತ.

ತೆಗೆಯಲೆಂದು ಕೈ ಚಾಚಿದ. ಬೆರಳು ನನ್ನ ಕಾಲರಿನವರೆಗೆ ಬಂದು, ಅಲ್ಲೇ ಒಂದು ಕ್ಷಣ ನಿಂತು, ವಾಪಸ್ಸು ಹೋಯಿತು. ಮೊದಲಾಗಿದ್ದರೆ ಎರಡೂ ತುದಿ ಹಿಡಿದು ನನ್ನನ್ನೇ ಹತ್ತಿರ ಎಳೆದುಕೊಳ್ಳುತ್ತಿದ್ದ. ಆ ವಾಪಸ್ಸು ಹೋದ ಕೈಯನ್ನೇ ನೋಡುತ್ತ ನಿಂತೆ, ಅವನು ಒಳಗೆ ಹೋದ.

ಇವನು ಕನ್ನಡಕದ ಅಂಗಡಿಯವನು. ನಾನು ಅದೇ ಬೀದಿಯಲ್ಲಿ ನಾಲ್ಕು ಬಾಗಿಲು ಆಚೆ ಆಲ್ಟರೇಷನ್ ಅಂಗಡಿಯವಳು. ಪ್ಯಾಂಟು ಗಿಡ್ಡ ಮಾಡುವುದು, ಝಿಪ್ ಬದಲಿಸುವುದು, ದಪ್ಪಗಾದವರ ಬಟ್ಟೆ ಬಿಡಿಸಿ ಅಗಲ ಮಾಡುವುದು ನನ್ನ ಕೆಲಸ. ಒಂಬತ್ತು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸುವಾಗ ಕಣ್ಣು ನೋಯುತ್ತದೆಂದು ಅವನ ಅಂಗಡಿಗೆ ಹೋದೆ. ದೀಪ ಆರಿಸಿ, ಸಣ್ಣ ಟಾರ್ಚು ಹಿಡಿದು, ಮುಖದ ಹತ್ತಿರ ಮುಖ ತಂದು "ಕಣ್ಣು ಮಿಟುಕಿಸ್ಬೇಡಿ" ಎಂದ. ನಾನು ಉಸಿರನ್ನೇ ಬಿಡಲಿಲ್ಲ. ಮಾರನೆಯ ದಿನ ಅವನು ಒಂದು ಪ್ಯಾಂಟು ತಂದ. ಉದ್ದ ಸರಿಯಾಗೇ ಇತ್ತು. ವಾರದೊಳಗೆ ಇನ್ನೂ ಎರಡು ತಂದ, ಅವೂ ಸರಿಯಾಗೇ ಇದ್ದವು. ಮೂರನೆಯದಕ್ಕೆ ಅಳತೆ ತೆಗೆಯುತ್ತ, "ನಿಮ್ಮ ಕಾಲೇನು ದಿನಾ ಬೆಳೀತಿದ್ಯಾ?" ಎಂದು ಕೇಳಿದೆ. ಅವನು ನಾಚಿದ್ದು ನೋಡಿಯೇ ನಾನು ಕೆಟ್ಟೆ.

ಅವನ ಜನ ಬೇರೆ, ಭಾಷೆ ಬೇರೆ, ಹುಟ್ಟಿದ ನೆಲ ಬೇರೆ. ನಾವಿಬ್ಬರೂ ಬಂದು ಸೇರಿದ ಈ ಊರಿನ ಭಾಷೆಯಂತೂ ಇಬ್ಬರಿಗೂ ಎರವಲು. ನನ್ನ ಹಿಂದೆ ಬಿದ್ದು ಅವನು ನನ್ನ ಭಾಷೆ ಕಲಿತ. ಒಂದು ವರ್ಷದಲ್ಲಿ ಜಗಳವಾಡುವಷ್ಟು, ಎರಡು ವರ್ಷದಲ್ಲಿ ಜೋಕು ಹೇಳುವಷ್ಟು ಕಲಿತ. ನಾನು ಅವನದನ್ನು ಕಲಿಯಲಿಲ್ಲ. ಬೇಡವೆಂದಲ್ಲ. ಅಗತ್ಯ ಬೀಳಲಿಲ್ಲ, ದಿನ ಕಳೆಯಿತು, ಹಾಗೇ ಆಗಿಹೋಯಿತು.

ನಮ್ಮ ಮಗಳಿಗೆ ನಾನು ಇಟ್ಟ ಮುದ್ದಿನ ಹೆಸರು ಗುಂಡಿ. ಅಂಗಿಯ ಗುಂಡಿಯಷ್ಟೇ ದುಂಡಗೆ ಹುಟ್ಟಿದ್ದಳು.

ಎಲ್ಲ ಸರಿಯಾಗೇ ಇತ್ತು. ಗುಂಡಿಗೆ ನಾಲ್ಕೂವರೆ ವರ್ಷವಾಗಿದ್ದಾಗ ಒಂದು ಭಾನುವಾರ ಇಬ್ಬರು ಅಜ್ಜಿಯರೂ ಒಬ್ಬರಾದ ಮೇಲೊಬ್ಬರು ವಿಡಿಯೋ ಕಾಲ್ ಮಾಡಿದರು. ಗುಂಡಿ ನನ್ನ ಅಮ್ಮನಿಗೆ ಅಪ್ಪನ ಭಾಷೆಯಲ್ಲಿ ಉತ್ತರ ಕೊಟ್ಟಳು, ಅತ್ತೆಗೆ ನನ್ನ ಭಾಷೆಯಲ್ಲಿ ಕೊಟ್ಟಳು. ಅಮ್ಮ ಮೂಗೊರೆಸಿಕೊಳ್ಳುತ್ತ, "ನನ್ನ ಮೊಮ್ಮಗಳು ನನಗೇ ಪರದೇಶಿ ಆಗ್ಬಿಟ್ಲಲ್ಲೇ" ಎಂದಳು. ಅತ್ತೆ ಏನಂದರೋ ನನಗೆ ಅರ್ಥವಾಗಲಿಲ್ಲ, ಅವರೂ ಮೂಗು ಒರೆಸಿಕೊಂಡರು.

"ಎರಡೂ ಕಲಸಿಹೋಗಿದೆ" ಎಂದ ನನ್ನ ಗಂಡ. "ಹೀಗೇ ಬಿಟ್ರೆ ಎರಡೂ ಬರಲ್ಲ."

ಅವನ ಅಂಗಡಿಗೆ ಒಂದು ಕಣ್ಣಿಗೆ ಪಟ್ಟಿ ಅಂಟಿಸಿಕೊಂಡ ಮಕ್ಕಳು ಬರುತ್ತಾರೆ. ಒಂದು ಕಣ್ಣು ಮಂದವಾಗಿದ್ದರೆ ಡಾಕ್ಟರು ಚೆನ್ನಾಗಿರುವ ಕಣ್ಣನ್ನು ಮುಚ್ಚಿಸುತ್ತಾರೆ. ಆಗ ಸೋಮಾರಿ ಕಣ್ಣು ಬೇರೆ ದಾರಿಯಿಲ್ಲದೆ ನೋಡಲು ಕಲಿಯುತ್ತದೆ. ಇವನು ಅದೇ ಉಪಾಯವನ್ನು ಮನೆಗೆ ತಂದ. ಸೋಮವಾರ, ಬುಧವಾರ, ಶುಕ್ರವಾರ ಅಮ್ಮನ ದಿನ. ಅವತ್ತು ಅಮ್ಮನ ಮಾತು, ಅಮ್ಮನ ಹಾಡು, ಅಮ್ಮನ ಕಥೆ. ಮಂಗಳವಾರ, ಗುರುವಾರ, ಶನಿವಾರ ಅಪ್ಪನದು. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಪಾಳಿ ಬದಲು. ಫ್ರಿಜ್ ಮೇಲೆ ಹಸಿರು, ನೀಲಿ ಬಣ್ಣದ ಚಾರ್ಟು ಅಂಟಿಸಿದೆವು. ಎಷ್ಟು ನ್ಯಾಯವಾಗಿದೆ ಎಂದು ಇಬ್ಬರಿಗೂ ಹೆಮ್ಮೆಯೋ ಹೆಮ್ಮೆ.

ಕೆಲವು ಕಡೆ ನಿಯಮ ಸಡಿಲವಿತ್ತು. ಬಿದ್ದು ರಕ್ತ ಬಂದರೆ ಯಾವ ಭಾಷೆಯಲ್ಲಿ ಬೇಕಾದರೂ ಸಮಾಧಾನ ಮಾಡಬಹುದು. ಬರೀ ತರಚಿದ್ದರೆ ಆ ದಿನದ ಭಾಷೆಯಲ್ಲೇ ಆಗಬೇಕು. ತಲೆಗೆ ನೀರು ಹಾಕುವಾಗ ಕಣ್ಣು ಮುಚ್ಚು ಎಂದು ಮಂಗಳವಾರ ಹೇಗೆ ಹೇಳುವುದು ಗೊತ್ತಾಗದೆ, ನಾನೇ ಕಣ್ಣು ಗಟ್ಟಿಯಾಗಿ ಮುಚ್ಚಿ ತೋರಿಸುತ್ತಿದ್ದೆ. ನೀರು ಅವಳ ತಲೆ ಬಿಟ್ಟು ಬೇರೆಲ್ಲ ಕಡೆ ಬೀಳುತ್ತಿತ್ತು. ಇತ್ತ ಶಾಲೆಯ ಭಾಷೆಯನ್ನು, ಅಂದರೆ ಈ ಊರಿನದನ್ನು, ಅವಳು ಯಾರೂ ಕಲಿಸದೆ, ಯಾವ ಚಾರ್ಟೂ ಇಲ್ಲದೆ, ಮೂರೇ ತಿಂಗಳಲ್ಲಿ ಕಲಿತಳು. ಅದನ್ನು ನೋಡಿಯಾದರೂ ನಮಗೆ ಬುದ್ಧಿ ಬರಬೇಕಿತ್ತು.

ನಾವು ಲೆಕ್ಕಕ್ಕೇ ಹಿಡಿಯದ ವಿಷಯವೊಂದಿತ್ತು. ನನಗೆ ಅವನ ಭಾಷೆ ಬರುವುದಿಲ್ಲ. ಹಾಗಾಗಿ ಅವನ ದಿನಗಳಲ್ಲಿ ನನ್ನ ಮನೆಯಲ್ಲೇ ನನ್ನ ಬಾಯಿಗೆ ಬೀಗ. ಮಗು ಮಲಗಿದ ಮೇಲೆ ನಾವಿಬ್ಬರು ಮಾತಾಡಬಹುದಿತ್ತು. ಆದರೆ ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದವರಿಗೆ ಮಲಗುವ ಹೊತ್ತಿಗೆ ಮಾತು ಹುಟ್ಟುವುದಿಲ್ಲ. ನನ್ನ ದಿನಗಳಲ್ಲಿ ಅವನು, "ನಾನಿದ್ರೆ ಅವಳು ನನ್ನ ಭಾಷೆಗೆ ಜಾರ್ತಾಳೆ" ಎಂದು ಹೊರಗೆ ಹೋಗುತ್ತಿದ್ದ.

ಮಂಗಳವಾರ ಸಂಜೆ ಅವನು ಮಗಳ ಕೋಣೆಯಲ್ಲಿ ಹಾಡುವುದು ಗೋಡೆಯಾಚೆ ಕೇಳಿಸುತ್ತಿತ್ತು. ನನ್ನ ಭಾಷೆಯಲ್ಲಿ ಮಾತಾಡುವಾಗ ಅವನ ದನಿ ಎಚ್ಚರದಲ್ಲಿ ಹೆಜ್ಜೆ ಇಡುತ್ತದೆ. ಅವನದರಲ್ಲಿ ಅದು ಚಪ್ಪಲಿ ಕಳಚಿ ಓಡುತ್ತದೆ. ಆ ದನಿಯವನನ್ನು ನಾನು ಮದುವೆಯಾಗಿಯೇ ಇಲ್ಲವಲ್ಲ ಅನ್ನಿಸಿತು. ಹೊಟ್ಟೆಕಿಚ್ಚಾಯಿತು. ಯಾರ ಮೇಲೆ? ಐದು ವರ್ಷದ ಸ್ವಂತ ಮಗಳ ಮೇಲೆ. ಥೂ, ನಾಚಿಕೆಗೆಟ್ಟವಳೇ ಎಂದು ನನ್ನನ್ನೇ ಬೈದುಕೊಂಡು, ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚುತ್ತ ಅವಳ ಕೋಣೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದೆ.

ಶಾಲೆಯಲ್ಲಿ ಐದೇ ನಿಮಿಷಕ್ಕೆ ಅವನು ಟೀಚರ್ ಇದ್ದ ಕ್ಲಾಸಿನಿಂದ ಹೊರಬಂದ. ಪೆಚ್ಚು ಮೋರೆ.

ಮಕ್ಕಳಿಗೆ ಹಿಂದಿನ ಅಂಗಳದಲ್ಲಿ ಆಟದ ಹೊತ್ತು, ಶಾಲೆ ಬಿಡುವುದು ಐದಕ್ಕೆ. ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಹಾಡುಹಗಲಲ್ಲಿ ನಾವಿಬ್ಬರೇ ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಮಧ್ಯದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆವು. ಯಾರು ಬಿಟ್ಟರೋ ಗೊತ್ತಿಲ್ಲ.

"ಮಿಸ್ ಹತ್ರ ಏನಂದೆ?" ಅಂದೆ.

"ನೀನೇನಂದೆ?"

"ನಾನು ಮೊದಲು ಕೇಳಿದ್ದು."

"ಇಲ್ಲ, ಬೇರೆ ಆಗಿಲ್ಲ ಅಂದೆ."

"ನಾನೂ ಅದನ್ನೇ ಅಂದೆ."

ನಾನು ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿದೆ.

"ತಕ್ಷಣ ಅಂದ್ಯಾ?" ಕೇಳಿದೆ.

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಗಿರಾಕಿಗಳಿಗೆ ಹಾಗೆ ಒರೆಸಬೇಡಿ, ಗೀರು ಬೀಳುತ್ತದೆ ಎಂದು ದಿನಾ ಬೈಯುವವನು ಇವನೇ.

"ಇಲ್ಲ" ಎಂದ. "ಒಂದು ಸಲ ಹೀಗೆ ಕನ್ನಡಕ ಒರೆಸಿದೆ. ಆಮೇಲೆ ಅಂದೆ."

ನಾನು ತಡವರಿಸಿದ್ದು ನನಗೆ ಗೊತ್ತಿತ್ತು. ಅವನೂ ತಡವರಿಸಿದ್ದಾನೆ ಎಂದರೆ, ಈ ಮಾತು ಬರೀ ನನ್ನ ತಲೆಯೊಳಗಿನದಲ್ಲ ಎಂದಾಯಿತು.

"ಅಂದ್ರೆ ನಿಂಗೂ ಹಾಗೇ ಅನ್ಸುತ್ತಾ? ನಾವು ಬೇರೆ ಆಗಿದೀವಿ ಅಂತ?"

"ಏನನ್ಸುತ್ತೋ ಗೊತ್ತಿಲ್ಲ ಕಣೆ. ನಿನ್ನ ದಿನ ನಾನು ಹೊರಗೆ ಹೋಗ್ತೀನಲ್ಲ, ಎಲ್ಲಿಗೆ ಹೋಗ್ತೀನಿ ಅನ್ಕೊಂಡಿದೀಯ?"

"ಅಂಗಡಿಗೆ. ಇಲ್ಲಾಂದ್ರೆ ಯಾರೋ ಸ್ನೇಹಿತರ ಹತ್ರ."

"ಮೆಟ್ಟಿಲ ಹತ್ರ. ನಮ್ಮನೆ ಮೆಟ್ಟಿಲ ಮೇಲೇ ಕೂತಿರ್ತೀನಿ. ಕಿಟಕಿ ತೆಗೆದಿದ್ರೆ ನೀನು ಕಥೆ ಹೇಳೋದು ಕೇಳಿಸುತ್ತೆ. ರಾಕ್ಷಸನ ದನಿ ಎಷ್ಟು ಚೆನ್ನಾಗಿ ಮಾಡ್ತೀಯ! ನನ್ನ ಹತ್ರ ಮಾತಾಡುವಾಗ ಮಾತ್ರ ನಿನ್ನ ದನಿ ಕರೆಂಟ್ ಬಿಲ್ ಓದಿದ ಹಾಗಿರುತ್ತೆ."

ನಗು ಬಂತು. ಜೊತೆಗೇ ಅಳುವೂ ಬಂತು, ಯಾವುದನ್ನು ಮೊದಲು ಬಿಡುವುದೆಂದು ಗೊತ್ತಾಗಲಿಲ್ಲ. ನಾನು ಬಾಗಿಲ ಹಿಂದೆ, ಅವನು ಮೆಟ್ಟಿಲ ಮೇಲೆ. ಒಂದೇ ಮನೆಯಲ್ಲಿ ಇಬ್ಬರೂ ಕಳ್ಳರ ಹಾಗೆ ಒಬ್ಬರನ್ನೊಬ್ಬರು ಕದ್ದು ಕೇಳಿಕೊಂಡು ಬದುಕಿದ್ದೇವೆ. ಇದಕ್ಕೆ ಏನನ್ನಬೇಕು?

"ಒಳಗೆ ಬಂದು ಕೂತಿದ್ರೆ ಏನಾಗ್ತಿತ್ತು?" ಎಂದು ರೇಗಿದೆ.

"ನಿಯಮ."

"ನಿಯಮ ಮಾಡಿದ್ದು ನೀನು!"

"ನೀನು ಒಪ್ಕೊಂಡಿದ್ದು. ಚಾರ್ಟಿಗೆ ಬಣ್ಣ ಹಚ್ಚಿದ್ದೂ ನೀನೇ."

"ನನ್ನ ಭಾಷೆ ಕಲಿಯುವಾಗ ನೀನು ಯಾವ ಚಾರ್ಟು ಹಾಕ್ಕೊಂಡಿದ್ದೆ? ಮೂರು ಪ್ಯಾಂಟು ಹಿಡ್ಕೊಂಡು ಬಂದು ಕಲೀಲಿಲ್ವಾ?"

"ನಾನು ಕಲಿತೆ" ಎಂದ ಅವನು. ದನಿ ತಗ್ಗಿತ್ತು. "ನೀನು ನಂದು ಕಲೀಲಿಲ್ಲ."

ಒಂಬತ್ತು ವರ್ಷದಲ್ಲಿ ಅವನು ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

"ನೀನು ಯಾವತ್ತೂ ಕೇಳ್ಲೇ ಇಲ್ಲ" ಅಂದೆ.

"ಅದನ್ನೂ ಕೇಳಿ ಪಡ್ಕೋಬೇಕಾ? ನೀನೇನು ನನ್ನ ಕೇಳಿದ್ಯಾ? ನಾನಾಗೇ ಕಲೀಲಿಲ್ವಾ?"

ಯಾವ ಬಟ್ಟೆ ಕೊಟ್ಟರೂ ಒಳಮಡಿಕೆ ಬಿಚ್ಚಿ, ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಎಷ್ಟು ಅಗಲ ಮಾಡಬಹುದು ಎಂದು ಥಟ್ಟನೆ ಹೇಳುವವಳು ನಾನು. ನನ್ನ ಗಂಡನೊಳಗೆ ಇಷ್ಟು ನೋವು ಮಡಚಿಟ್ಟಿದೆ ಎಂದು ಒಂದು ದಿನವೂ ಬಿಚ್ಚಿ ನೋಡಿರಲಿಲ್ಲ. ಆದರೂ ತಪ್ಪಾಯಿತು ಎನ್ನಲು ನಾಲಗೆ ಏಳಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಕ್ಕಳು ಹೋ ಎಂದು ಹೊರಗೆ ನುಗ್ಗಿದರು. ಗುಂಡಿ ಎಲ್ಲರಿಗಿಂತ ಹಿಂದೆ, ಬ್ಯಾಗಿನ ಪಟ್ಟಿ ಹಿಡಿದುಕೊಂಡು ಬರುತ್ತಿದ್ದಳು. ಇವತ್ತು ಮಂಗಳವಾರ, ಅಪ್ಪ ಮಾತ್ರ ಬರುವ ದಿನ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವಳೇ ಅಲ್ಲೇ ನಿಂತುಬಿಟ್ಟಳು. ಓಡಿಬರುತ್ತಾಳೆ ಎಂದು ನಾನು ಕೈ ಅಗಲಿಸಿದ್ದೆ. ಅವಳು ಬರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

"ಇವತ್ತೇನಾ?" ಎಂದಳು.

ಕೇಳಿದ್ದು ಶಾಲೆಯ ಭಾಷೆಯಲ್ಲಿ. ನನ್ನದೂ ಅಲ್ಲದ, ಅವನದೂ ಅಲ್ಲದ ಭಾಷೆಯಲ್ಲಿ ಅವಳು ನಮ್ಮೊಂದಿಗೆ ಮಾತಾಡಿದ್ದು ಅದೇ ಮೊದಲು.

"ಇವತ್ತೇನು ಪುಟ್ಟಾ?" ಅಂದೆ.

"ಇವತ್ತೇನಾ ಕೇಳೋದು?" ಎಂದವಳು, ಉತ್ತರಕ್ಕೂ ಕಾಯದೆ, ಬಾಯಿಪಾಠ ಒಪ್ಪಿಸುವವಳ ಹಾಗೆ ಗಡಗಡ ಹೇಳಿದಳು. "ಎರಡೂ ಒಂದೇ ಥರ ಇದೆ. ಒಂದನೇದೂ ಚೆನ್ನಾಗಿದೆ, ಎರಡನೇದೂ ಚೆನ್ನಾಗಿದೆ. ನಂಗೆ ವ್ಯತ್ಯಾಸ ಗೊತ್ತಾಗ್ತಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ನನ್ನ ಗಂಡ ಮಾತ್ರ ಬೆಂಚಿನಿಂದ ಎದ್ದವನು, ಎರಡು ಹೆಜ್ಜೆ ನಡೆದು, ಅವಳೆದುರು ನೆಲದ ಮೇಲೆ ಹಾಗೇ ಕುಸಿದು ಕೂತ.

ಆ ಮಾತನ್ನು ಅವನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತಾನೆ. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ದುಂಡು ಫ್ರೇಮು ಕೂರಿಸಿ, ಒಂದು ಲೆನ್ಸ್ ಹಾಕಿ ತೆಗೆದು ಇನ್ನೊಂದು ಹಾಕುತ್ತಾನೆ. "ಒಂದನೇದು ಚೆನ್ನಾಗಿದೆಯಾ, ಎರಡನೇದಾ? ಸರಿಯಾಗಿ ನೋಡಿ ಹೇಳಿ, ಮತ್ತೊಂದ್ಸಲ ಒಂದನೇದು ಹಾಕ್ತೀನಿ, ಈಗ ಎರಡನೇದು." ಗಿರಾಕಿ ಆರಿಸಿದ್ದು ಉಳಿಯುತ್ತದೆ. ಇನ್ನೊಂದು ಡಬ್ಬಿಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ. ಕೆಲವರಿಗೆ ಗೊಂದಲವಾದರೆ, ಎರಡೂ ಒಂದೇ ಥರ ಇದೆ ಎನ್ನುತ್ತಾರೆ. ಹದಿನಾಲ್ಕು ತಿಂಗಳಿಂದ ಪ್ರತಿ ಮಂಗಳವಾರ, ಗುರುವಾರ, ಶನಿವಾರ ನನ್ನ ಮಗಳು ಅಲ್ಲೇ ಎತ್ತರದ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ಇದನ್ನೆಲ್ಲ ನೋಡಿದ್ದಾಳೆ.

"ಗುಂಡಿ" ಎಂದ ಅವನು, "ನಾವು ನಿನ್ನ ಆರಿಸು ಅಂತ ಕೇಳ್ತೀವಿ ಅನ್ಕೊಂಡಿದ್ಯಾ? ಅಮ್ಮ ಬೇಕಾ, ಅಪ್ಪ ಬೇಕಾ ಅಂತ? ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ, ನಂಗೇ ಗೊತ್ತಾಯ್ತು. ಒಂದಿನ ಇದು ಹಾಕಿ ತೋರಿಸ್ತೀರ, ಒಂದಿನ ಅದು ಹಾಕಿ ತೋರಿಸ್ತೀರ. ದೊಡ್ಡವಳಾದ್ಮೇಲೆ ಕೇಳ್ತೀರ. ಒಂದು ಹೇಳಿದ್ರೆ ಇನ್ನೊಂದನ್ನ ಡಬ್ಬಿಗೆ ಹಾಕ್ತೀರ." ಅವಳ ಕೆಳತುಟಿ ನಡುಗತೊಡಗಿತು. "ಅದಕ್ಕೇ ನಾನು ಒಂದೇ ಥರ ಇದೆ ಅಂತ ಹೇಳ್ತೀನಿ. ಆಗ ಯಾರನ್ನೂ ಹಾಕಕ್ಕಾಗಲ್ಲ."

ಕೆಂಪು ಕಾಗದ, ನೀಲಿ ಕಾಗದ. ಇಷ್ಟು ದಿನ ಅವಳು ಅಭ್ಯಾಸ ಮಾಡುತ್ತಿದ್ದಳು. ನಮ್ಮಿಬ್ಬರನ್ನೂ ಉಳಿಸಿಕೊಳ್ಳಲು ಆರು ತುಂಬದ ಕೂಸು ಒಬ್ಬಳೇ ಇಷ್ಟೊಂದು ಕಷ್ಟಪಟ್ಟಿತ್ತು.

"ಯಾರೂ ಡಬ್ಬಿಗೆ ಹೋಗಲ್ಲ ಕಂದಾ" ಎಂದ ಅವನು, ನನ್ನ ಭಾಷೆಯಲ್ಲಿ. "ಯಾರೂ ಏನೂ ಕೇಳಲ್ಲ. ಅಪ್ಪ ದಡ್ಡ, ತಪ್ಪು ಮಾಡ್ಬಿಟ್ಟ."

ಗುಂಡಿ ಕಣ್ಣೊರೆಸಿಕೊಂಡು ಅನುಮಾನದಿಂದ ಅವನನ್ನು ನೋಡಿದಳು. "ಇವತ್ತು ಮಂಗಳವಾರ. ನೀನು ಅಮ್ಮನ ಮಾತು ಆಡ್ಬಾರ್ದು."

ಏನು ಹೇಳಿದರೆ ಇವಳು ನಂಬುತ್ತಾಳೆ? ಬೆಂಚು ಬಿಟ್ಟೆದ್ದು ನಾನೂ ನೆಲಕ್ಕೇ ಬಂದು ಕೂತೆ. ಬಾಯಿ ತೆರೆದೆ. ಅದರಿಂದ ಹೊರಬಂದಿದ್ದು ಅವನ ಭಾಷೆ.

ಅವನು ಪ್ರತಿ ಸಲ ಅವಳನ್ನು ಮಲಗಿಸಿ ದೀಪ ಆರಿಸುವಾಗ ಒಂದು ಮಾತು ಹೇಳುತ್ತಾನೆ. ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತೀನಿ ಎಂದು ಅದರ ಅರ್ಥವಿರಬೇಕೆಂದು ಬಾಗಿಲ ಹಿಂದೆ ನಿಂತು ಊಹಿಸಿದ್ದೆ. ಯಾರ ಹತ್ತಿರವೂ ಖಾತ್ರಿ ಮಾಡಿಕೊಂಡಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅದನ್ನು ನನ್ನ ನಾಲಗೆಯಿಂದ ಆಡಿದೆ. ಮಧ್ಯದಲ್ಲಿ ಎರಡು ಕಡೆ ಸಿಕ್ಕಿಬಿದ್ದೆ, ಕೊನೆಯ ಭಾಗ ಎತ್ತಲೋ ಹೋಯಿತು.

ಗುಂಡಿ ಕಣ್ಣು ಬಾಯಿ ಬಿಟ್ಟು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಅಳುತ್ತಿದ್ದವಳು ನಕ್ಕೂ ನಕ್ಕೂ ಬಿಕ್ಕಳಿಕೆ ಬರಿಸಿಕೊಂಡಳು.

"ಅಮ್ಮಾ, ನೀನು ಎಷ್ಟು ಕೆಟ್ಟದಾಗಿ ಹೇಳ್ತೀಯ! ಬಾಯಲ್ಲಿ ಕಲ್ಲು ಇಟ್ಕೊಂಡಿದ್ಯಾ?"

"ನೀನೇ ಹೇಳ್ಕೊಡು ಹಾಗಾದ್ರೆ."

"ನಂಗೆ ಹೋಂವರ್ಕ್ ಇದೆ" ಎಂದಳು ಧಿಮಾಕಿನಿಂದ. ಆದರೂ ಹೇಳಿಕೊಟ್ಟಳು, ಮೂರು ಸಲ.

ನನ್ನ ಗಂಡ ಮಾತ್ರ ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದ. ಒಂಬತ್ತು ವರ್ಷದ ಹಿಂದೆ ಟಾರ್ಚು ಹಿಡಿದು ಇಷ್ಟೇ ಹತ್ತಿರದಿಂದ ನೋಡಿದ್ದನಲ್ಲ, ಅವತ್ತು ಅವನ ಕಣ್ಣುಗಳು ಬರೀ ಪರೀಕ್ಷೆಯ ಕೆಲಸದಲ್ಲಿದ್ದವು. ಇವತ್ತು ಅವು ಒದ್ದೆಯಾಗಿದ್ದವು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ, ಅವನ ಅಂಗಿಯ ಎರಡನೆಯ ಗುಂಡಿಯನ್ನು ನೋಡಿದೆ. ದಾರ ಸಡಿಲವಾಗಿತ್ತು.

"ಎಲ್ಲಿ ಕಲಿತೆ?" ಎಂದ.

"ಬಾಗಿಲ ಹಿಂದೆ."

"ಯಾವಾಗ?"

"ಮಂಗಳವಾರ, ಗುರುವಾರ, ಶನಿವಾರ. ತಪ್ಪಾಯ್ತು ಮಾರಾಯ. ಮೊದಲೇ ಕಲೀಬೇಕಿತ್ತು."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಮಗಳು ಇಬ್ಬರ ಮಧ್ಯೆ ತೂರಿಕೊಂಡು ಕೇಳಿದಳು. "ಹಾಗಾದ್ರೆ ನಾನು ಯಾರ ಕಡೆಯವಳು?"

ಅವನು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಎರಡೂ ಕಡೆಯವಳು ಎಂದು ಯಾರಾದರೂ ಹೇಳಿಬಿಡಬಹುದು. ಆದರೆ ಅವಳು ಎಲ್ಲಿ ಹೋದರೂ ಜನ ಅವಳ ಮೂಗು, ಕೂದಲು, ಮಾತು ನೋಡಿ ಒಂದು ಕಡೆಗೆ ತಳ್ಳಲು ನೋಡುತ್ತಾರೆ. ಆಗ ಅವಳಿಗೆ ಹೇಗನ್ನಿಸುತ್ತದೆ ಎಂದು ನಮಗೇನು ಗೊತ್ತು? ನಾವಿಬ್ಬರೂ ಒಂದೇ ಕಡೆಯವರಾಗಿ ಹುಟ್ಟಿದವರು. ಈ ವಿಷಯದಲ್ಲಿ ಅವಳಿಗೆ ಹಿರಿಯರೇ ಇಲ್ಲ.

"ಗೊತ್ತಿಲ್ಲ" ಅಂದೆ.

"ನಂಗೂ ಗೊತ್ತಿಲ್ಲ" ಎಂದ ಅವನು.

"ಇಬ್ರಿಗೂ ಗೊತ್ತಿಲ್ವಾ?"

"ಇಲ್ಲ."

ಗುಂಡಿ ಒಂದು ನಿಮಿಷ ಯೋಚಿಸಿದಳು. "ಸರಿ ಬಿಡಿ. ನಾನೇ ನೋಡ್ಕೊಂಡು ಹೇಳ್ತೀನಿ. ಈಗ ಹಸಿವಾಗ್ತಿದೆ." ಭುಜದಿಂದ ಬ್ಯಾಗು ಇಳಿಸಿ ಅಪ್ಪನ ಕೈಗೆ ಕೊಟ್ಟು ಮುಂದೆ ನಡೆದಳು.

ಅವತ್ತು ಸಂಜೆ ನಮ್ಮ ಅಡುಗೆಮನೆಯಲ್ಲಿ ಆದ ಗಲಾಟೆ ಹೇಳತೀರದು. ಅವನು ಹುಟ್ಟಿ ಬೆಳೆದ ಮನೆಯಲ್ಲಿ ಊಟ ಮಾಡುವಾಗ ಯಾರೂ ಮಾತಾಡುವುದಿಲ್ಲ. ನನ್ನ ತವರಿನಲ್ಲಿ ಮಾತಾಡದೆ ಯಾರಿಗೂ ಅನ್ನ ಇಳಿಯುವುದಿಲ್ಲ. ಮೂರು ತಟ್ಟೆ, ಮೂರು ಭಾಷೆ. ಯಾವುದು ಯಾರ ಬಾಯಿಂದ ಬರುತ್ತಿದೆ ಎಂದು ಕೇಳುವವರಿಲ್ಲ. "ಅಮ್ಮಂದಿರು ಕಾಲ್ ಮಾಡಿದ್ರೆ ಏನು ಹೇಳೋದು?" ಎಂದು ನಾನು ಕೇಳಿದರೆ, "ನೆಟ್‌ವರ್ಕ್ ಸರಿಯಿಲ್ಲ ಅನ್ನೋಣ" ಎಂದ ಅವನು. ಹೀಗೆ ಮಾಡಿದರೆ ಮಗುವಿಗೆ ಎಲ್ಲ ಬರುತ್ತದೋ, ಇರುವುದೂ ಹೋಗುತ್ತದೋ, ಇಬ್ಬರಿಗೂ ಧೈರ್ಯವಿರಲಿಲ್ಲ. ಆದರೂ ನನ್ನ ತಟ್ಟೆಗೆ ಅವನು ಬಡಿಸಿದ, ಅವನ ಲೋಟಕ್ಕೆ ನಾನು ನೀರು ಹಾಕಿದೆ.

ಊಟದ ಮಧ್ಯೆ ಅವನು ತನ್ನ ತಾತನ ಕಥೆ ಶುರುಮಾಡಿದ, ತನ್ನ ಭಾಷೆಯಲ್ಲೇ. ತಾತ ಹೊಸ ಬೂಟು ಹಾಳಾಗಬಾರದೆಂದು ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹೆಣ್ಣು ನೋಡಲು ಹೋದ ಕಥೆ. ಗುಂಡಿ ನನ್ನ ಪಕ್ಕ ಕೂತು, ಒಂದೊಂದೇ ವಾಕ್ಯ ನನಗೆ ತಿರುಗಿಸಿ ಹೇಳುತ್ತಿದ್ದಳು.

"ತಾತ ಹೋದ್ರಂತೆ. ಮಳೆ ಬಂತಂತೆ. ಒಂದು ಆನೆ ಬಂತಂತೆ."

"ಆನೆ ಇಲ್ಲ" ಎಂದ ಅವನು.

"ನನ್ನ ಕಥೇಲಿದೆ" ಎಂದಳು ಅವಳು.

ನಾನು ನಗುತ್ತ ತಲೆಯೆತ್ತಿದೆ. ಅವನು ಕಥೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಒಂದು ವಾಕ್ಯ ಹೇಳಿದ. ಆರೇಳು ಪದ ಇರಬಹುದು. ಅವನ ದನಿಯಲ್ಲಿ ಎಚ್ಚರವಿರಲಿಲ್ಲ.

ನಾನು ಮಗಳ ಕಡೆ ತಿರುಗಿದೆ. "ಏನಂತೆ? ತಾತ ಏನಂದ್ರಂತೆ?"

ಗುಂಡಿ ಬಾಯಲ್ಲಿದ್ದ ತುತ್ತು ನುಂಗಿ, ಮುಖ ಕೆಂಪಗೆ ಮಾಡಿಕೊಂಡಳು. "ಅದು ಕಥೇಲಿಲ್ಲ. ಅದು ನಿಂಗೆ ಹೇಳಿದ್ದು. ನಾನು ಹೇಳಲ್ಲಪ್ಪ, ನಂಗೆ ನಾಚಿಕೆ ಆಗುತ್ತೆ." ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಓಡಿಹೋದಳು.

ಅವನು ನನ್ನ ಭಾಷೆಯಲ್ಲಿ ಇದೇ ಮಾತನ್ನು ಎಷ್ಟೋ ಸಲ ಹೇಳಿದ್ದಾನೆ. ಎಚ್ಚರದಿಂದ, ಒಂದು ಕಡೆಯೂ ತಪ್ಪಿಲ್ಲದೆ ಹೇಳಿದ್ದಾನೆ. ಅವನದರಲ್ಲಿ ಹೇಳಿದ್ದು ಇದೇ ಮೊದಲು. ನನಗೆ ಅರ್ಥವಾಗುವುದಿಲ್ಲ ಎಂದು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ. ಬಾಗಿಲ ಹಿಂದೆ ನಿಂತು ಹೆಕ್ಕಿಕೊಂಡ ಪದಗಳು ನನ್ನ ತಲೆಯೊಳಗೆ ಒಂದರ ಪಕ್ಕ ಒಂದು ಬಂದು ಕೂತವು. ಒಂದೂ ಬಿಟ್ಟುಹೋಗಲಿಲ್ಲ.

"ಅರ್ಥ ಆಯ್ತಾ?" ಎಂದ ಅವನು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ.

"ಇಲ್ಲ" ಅಂದೆ. ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ. "ಇನ್ನೊಂದ್ಸಲ ಹೇಳು."